ಬೀಗ ಹಾಕಿದ ಕಕ್ಕಸು

ಮಗಳು ಮೂರನೇ ಕ್ಲಾಸಿನಲ್ಲಿದ್ದ ವರ್ಷ, ಸಂಜೆ ಮನೆಗೆ ಬಂದವಳೇ ಬೂಟನ್ನೂ ಬಿಚ್ಚದೆ ಬಚ್ಚಲಿಗೆ ಓಡುತ್ತಿದ್ದಳು. ಅದಕ್ಕೆ ನಾನು ದಿನಾ ಬೈಯುತ್ತಿದ್ದೆ. ಕೊಟ್ಟು ಕಳಿಸಿದ ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ವಾಪಸ್ ಬರುತ್ತಿತ್ತು. ಅದಕ್ಕೂ ಬೈಯುತ್ತಿದ್ದೆ. ಎರಡನ್ನೂ ಸೇರಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ನ್ಯಾಮತಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಹಗಲೆಲ್ಲ ಬ್ಲೌಸಿನ ಅಳತೆ, ಸಂಜೆ ಹೋಂವರ್ಕ್. ಮಗ್ಗಿ ಬಾಯಿಗೆ ಬಂತಾ, ಸ್ಪೆಲಿಂಗ್ ಸರಿಯಾಯಿತಾ ಎಂದು ಕೇಳುವುದೇ ಮಗು ಬೆಳೆಸುವುದು ಎಂದುಕೊಂಡಿದ್ದೆ.

ಒಂದು ಸೋಮವಾರ ಅವಳಿಗೆ ಜ್ವರ ಬಂತು, ಉಚ್ಚೆ ಹೊಯ್ಯುವಾಗ ಉರಿ ಎಂದು ಅತ್ತಳು. ಶಿವಮೊಗ್ಗದ ಮಕ್ಕಳ ಡಾಕ್ಟರ ಹತ್ತಿರ ಹೊರಟೆವು. ಬಸ್ಸು ಸವಳಂಗ ದಾಟುವವರೆಗೂ ಪ್ರತಿ ಕುಲುಕಿಗೂ ನನ್ನ ತೋಳು ಹಿಡಿದು ಕಣ್ಣು ಮುಚ್ಚುತ್ತಿದ್ದಳು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು. "ಸ್ಕೂಲಲ್ಲಿ ಎಷ್ಟು ಸಲ ಟಾಯ್ಲೆಟ್‌ಗೆ ಹೋಗ್ತೀಯ ಪುಟ್ಟಿ?"

"ಹೋಗಲ್ಲ."

"ಒಂದ್ಸಲಾನೂ?"

"ಅಲ್ಲಿ ಹುಳ ಐತೆ. ಬಾಗಿಲು ಹಾಕಾಕೆ ಬರಲ್ಲ. ನೀರು ಕುಡಿದ್ರೆ ಬರ್ತೈತೆ ಅಂತ ಕುಡಿಯಲ್ಲ."

ಡಾಕ್ಟರಮ್ಮ ಚೀಟಿ ಬರೆಯುತ್ತ ತಲೆ ಎತ್ತದೆ ಹೇಳಿದರು, "ಹಿಂಗೇ ಬರೋ ಹೆಣ್ಮಕ್ಕಳು ಬಹಳ ಇದಾರಮ್ಮ."

ಎರಡು ದಿನ ಬಿಟ್ಟು ಶಾಲೆಗೆ ಹೋದೆ. ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ. ಮುಂದಿನ ಗೋಡೆಯ ಮೇಲೆ ಹಲ್ಲುಜ್ಜುವ ಕರಡಿ, ಸೋಪು ಹಚ್ಚಿಕೊಳ್ಳುವ ಮೊಲ. ಆಫೀಸಿಗೆ ಹೋಗದೆ ನೇರವಾಗಿ ಕಟ್ಟಡದ ಹಿಂದಕ್ಕೆ ನಡೆದೆ. ಕಕ್ಕಸು ಇನ್ನೂ ಹತ್ತು ಹೆಜ್ಜೆ ಇರುವಾಗಲೇ ನಾತ ಗಂಟಲಿಗೆ ಇಳಿಯಿತು. ಬಾಗಿಲಿಗೆ ಚಿಲಕವಿರಲಿಲ್ಲ. ನಲ್ಲಿ ಒಣಗಿತ್ತು. ಗುಂಡಿ ತುಂಬಿ ಅಂಚಿನವರೆಗೆ ಬಂದಿತ್ತು. ಬಿಳಿ ಹುಳಗಳು ಗೋಡೆ ಹತ್ತುತ್ತಿದ್ದವು. ಒದ್ದೆ ನೆಲದ ಕೊಳೆಯಲ್ಲಿ ಪುಟ್ಟ ಬೂಟುಗಳ ಗುರುತು ಎರಡು ಹೆಜ್ಜೆ ಒಳಗೆ ಹೋಗಿ ಹಾಗೇ ತಿರುಗಿ ಹೊರಗೆ ಬಂದಿತ್ತು. ಒಂದು ಫೋಟೊ ತೆಗೆದೆ. ಪಕ್ಕದ ಬಾಗಿಲಿಗೆ ಬೀಗ. ಕಿಂಡಿಯಿಂದ ನೋಡಿದರೆ ಒಳಗೆ ಬಿಳಿ ಟೈಲ್ಸು, ತುಂಬಿದ ಬಕೆಟ್ಟು. ಅದು ಟೀಚರುಗಳದು.

ಹೆಡ್‌ಮಿಸ್ಸು ನನ್ನ ಮಾತು ಪೂರ್ತಿ ಕೇಳಿದರು. "ಆಯಾ ಕೆಲಸ ಬಿಟ್ಟು ಹೋಗ್ಯಾಳೆ ರೀ, ಇನ್ನೊಬ್ರು ಸಿಗ್ತಿಲ್ಲ. ಬೆಳಿಗ್ಗೆ ಮನೇಲೇ ಎಲ್ಲಾ ಮುಗಿಸಿ ಬರೋ ಅಭ್ಯಾಸ ನೀವು ಮಾಡಿಸ್ಬೇಕು."

"ಆ ಇನ್ನೊಂದು ಬಾಗಿಲಿನ ಬೀಗದ ಕೈ ಎಲ್ಲೈತೆ ರೀ?"

ಅವರು ಮೇಜಿನ ಮೇಲಿದ್ದ ಬೀಗದ ಕೈಗೊಂಚಲಿನ ಮೇಲೆ ಹಾಜರಿ ಪುಸ್ತಕ ಎಳೆದು ಇಟ್ಟರು.

ಆ ಶನಿವಾರ ಪೋಷಕರ ಸಭೆ. ಟೈ ಬಣ್ಣದ ಬಗ್ಗೆ ಅರ್ಧ ಗಂಟೆ ಮಾತಾಯಿತು. ನಾನು ಎದ್ದು ಕಕ್ಕಸಿನ ವಿಷಯ ಹೇಳಿದೆ. ಮುಂದಿನ ಸಾಲಿನ ಒಬ್ಬ ತಂದೆ ನಕ್ಕರು. "ಇಂಥದ್ದೆಲ್ಲ ಮೀಟಿಂಗಲ್ಲಿ ಮಾತಾಡಾಕೆ ಆಗುತ್ತೇನ್ರೀ? ಸ್ಪೋಕನ್ ಇಂಗ್ಲಿಷ್ ಯಾವಾಗ ಶುರು ಮಾಡ್ತೀರಿ ಕೇಳ್ರಿ." ಉಳಿದವರೂ ನಕ್ಕರು. ಆ ತಂದೆಯ ಮಗಳು ನನ್ನ ಮಗಳ ಬೆಂಚಿನಲ್ಲೇ ಕೂರುವವಳು. ಆ ನಗುವಿಗೆ ನನಗೆ ಮೈಯೆಲ್ಲ ಹೇಸಿಗೆಯಾಯಿತು.

ಹೊರಗೆ ಬಂದಾಗ ಇಬ್ಬರು ತಾಯಂದಿರು ಹಿಂದೆಯೇ ಬಂದರು. ಒಬ್ಬರು ಸೆರಗು ಹಿಂಡುತ್ತ ಹೇಳಿದರು, "ನನ್ ಮಗಳು ಯೂನಿಫಾರಮ್ಮಲ್ಲೇ ಮಾಡ್ಕೊಂಡು ಬರ್ತಾಳೆ ರೀ. ನಾನು ಹೊಡದೀನಿ."

ಮರುದಿನ ಭಾನುವಾರ ನಾವು ಮೂವರೂ ಬ್ಲೀಚಿಂಗ್ ಪುಡಿ, ಪೊರಕೆ, ಒಂದು ಚಿಲಕ ತೆಗೆದುಕೊಂಡು ಹೋದೆವು. ನಾನು ಎರಡು ಸಲ ವಾಂತಿ ಮಾಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ನೆಲದ ಬಣ್ಣ ಕಾಣಿಸಿತು. ಅಷ್ಟರಲ್ಲಿ ಹೆಡ್‌ಮಿಸ್ಸು ಫೋನ್ ಹಿಡಿದು ಬಂದರು. "ಹಂಗೇ ನಿಂತ್ಕೊಳ್ರಿ" ಅಂದರು.

ಸಂಜೆ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಚಿತ್ರ ಬಂತು, ಪೋಷಕರ ಸಹಕಾರದೊಂದಿಗೆ ನಮ್ಮ ಶಾಲೆಯ ಸ್ವಚ್ಛತಾ ಕಾರ್ಯಕ್ರಮ ಎಂದು. ಕೈ ಮುಗಿಯುವ ಚಿಹ್ನೆಗಳ ಸಾಲು. ನಕ್ಕಿದ್ದ ಆ ತಂದೆಯದೂ ಒಂದು ಹೆಬ್ಬೆರಳು. ಮೊದಲ ದಿನದ ಫೋಟೊವನ್ನು ಅದರ ಕೆಳಗೆ ಹಾಕಿದೆ.

ಹೆಡ್‌ಮಿಸ್ಸು ಕೂಡಲೇ ಫೋನ್ ಮಾಡಿದರು. "ಅಳಿಸ್ರಿ ಅದನ್ನ. ಜನ ಊಟಕ್ಕೆ ಕೂರೋ ಹೊತ್ತು."

"ಮಕ್ಕಳು ದಿನಾ ಅದರ ಪಕ್ಕದಾಗೇ ಊಟಕ್ಕೆ ಕೂರ್ತಾರೆ ರೀ" ಅಂದೆ. ಅಳಿಸಲಿಲ್ಲ.

ವಾರದೊಳಗೆ ಹೊಸ ಆಯಾ ಬಂದಳು, ನಲ್ಲಿಯಲ್ಲಿ ನೀರೂ ಬಂತು. ಸಿಗುವುದಿಲ್ಲ ಎಂದಿದ್ದವರಿಗೆ ಅಷ್ಟು ಬೇಗ ಹೇಗೆ ಸಿಕ್ಕಳೋ. ಆದರೆ ಮಗಳು ಆಮೇಲೂ ಅಲ್ಲಿಗೆ ಹೋಗಲಿಲ್ಲ. "ಈಗ ಕ್ಲೀನ್ ಐತೆ" ಎಂದರೆ ತುಂಬಿದ ನೀರಿನ ಬಾಟಲಿಯನ್ನು ಚೀಲದಿಂದ ತೆಗೆದು ಇಡುತ್ತಿದ್ದಳು. ಜ್ವರ ಇನ್ನೊಂದು ಸಲ ಬಂತು.

ವರ್ಷದ ಕೊನೆಗೆ ಅವಳನ್ನು ಸರ್ಕಾರಿ ಶಾಲೆಗೆ ಸೇರಿಸಲು ಟಿ.ಸಿ. ಕೇಳಿದೆ. ಹೆಡ್‌ಮಿಸ್ಸು ಪೆನ್ನು ಹಿಡಿದು, "ಕಾರಣ ಏನಂತ ಬರೀಲಿ?" ಅಂದರು.

"ಇದ್ದದ್ದು ಬರೀರಿ."

ಅವರು 'ವಾಸಸ್ಥಳ ಬದಲಾವಣೆ' ಎಂದು ಬರೆದರು. ಕೆಳಗೆ ಸಹಿ ಹಾಕುವ ಜಾಗ ತೋರಿಸಿದರು. ಮಗಳು ನನ್ನ ಪಕ್ಕದಲ್ಲೇ ನಿಂತು ಅದನ್ನು ಕೂಡಿಸಿ ಕೂಡಿಸಿ ಓದುತ್ತಿದ್ದಳು. ಜಗಳ ಬೇಡ, ಕಾಗದ ಕೈಗೆ ಬಂದರೆ ಸಾಕು ಎಂದು ನಾನು ಸಹಿ ಹಾಕಿಬಿಟ್ಟೆ.