ಕನಕಲತಾ ಕುಂಡುವಿನ ಕೆಳಗಿನ ಕೋಣೆ

ಬಾಗ್‌ಬಜಾರಿನ ಆ ಓಣಿಯಲ್ಲಿ ಕನಕಲತಾ ಕುಂಡುವಿನ ಬಾಯಿಗೆ ಹೆದರದವರು ಇರಲಿಲ್ಲ. ಆದರೆ ಆ ಬಾಯಿ ಹುಟ್ಟಿನಿಂದ ಬಂದದ್ದಲ್ಲ, ಗಂಡನ ದೆಸೆಯಿಂದ ಬಂದದ್ದು. ಹರಿಸಾಧನ ಕುಂಡು ಬಾಡಿಗೆ ಕೇಳಲು ಹೋದರೆ ಬಾಡಿಗೆದಾರನ ಕಷ್ಟ ಕೇಳಿ, ಅವನ ಮನೆಯ ಚಹಾ ಕುಡಿದು, ಒಮ್ಮೊಮ್ಮೆ ತಾನೇ ಹತ್ತಿಪ್ಪತ್ತು ಕೊಟ್ಟು ಬರುವ ಪೈಕಿ. ಅವನ ಕಾಲದಲ್ಲಿ ಕೆಳಗಿನ ಕೋಣೆಯಲ್ಲಿ ಇದ್ದುಹೋದವರಲ್ಲಿ ಪೂರ್ತಿ ತೀರಿಸಿ ಹೋದವನು ಒಬ್ಬನೂ ಇಲ್ಲ. ಓಣಿಯ ಮಂದಿ ಆ ಕೋಣೆಯನ್ನು ಧರ್ಮಛತ್ರ ಎಂದೇ ಕರೆಯುತ್ತಿದ್ದರು. ಅವನು ಸತ್ತ ದಿನ ಹೆಗಲು ಕೊಡಲು ಬಂದವರಲ್ಲಿ ಇಬ್ಬರು ಹಳೆಯ ಬಾಕಿದಾರರಿದ್ದರು. ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡರೇ ಹೊರತು ಬಾಕಿಯ ಸುದ್ದಿ ಎತ್ತಲಿಲ್ಲ. ಇನ್ನು ಮುಂದೆ ಬಾಕಿ ಇಟ್ಟುಕೊಂಡು ಯಾವನೂ ತನ್ನ ಹೊಸಿಲು ದಾಟಕೂಡದು ಎಂದು ಕನಕಲತಾ ಅಂದೇ ನಿರ್ಧರಿಸಿದಳು.

ಹಟ ಮಾತ್ರವಲ್ಲ, ಹೊಟ್ಟೆಯ ಪ್ರಶ್ನೆಯೂ ಇತ್ತು. ಮಕ್ಕಳಿಲ್ಲ, ಪಿಂಚಣಿಯಿಲ್ಲ. ಅಕ್ಕಿ, ಬೇಳೆ, ಮಂಡಕ್ಕಿ, ಮಂಡಿನೋವಿನ ಎಣ್ಣೆ, ಎಲ್ಲವೂ ಆ ಒಂದು ಕೋಣೆಯ ಬಾಡಿಗೆಯಲ್ಲೇ ಆಗಬೇಕು.

ಪರಿತೋಷ ಸಾಂತ್ರಾ ಆ ಕೋಣೆಗೆ ಬಂದಾಗ ಅವಳಿಗೆ ನೆಮ್ಮದಿಯಾಗಿತ್ತು. ಹೆಂಗಸರ ರವಿಕೆ ಹೊಲಿಯುವ ದರ್ಜಿ, ಬಾಯಿ ಕಡಿಮೆ, ಹೆಂಡತಿ ಝರ್ನಾಳದು ಇನ್ನೂ ಕಡಿಮೆ. ವರ್ಷಗಟ್ಟಲೆ ಬಾಡಿಗೆ ತಪ್ಪಲಿಲ್ಲ. ಒಂದು ಚೈತ್ರದಲ್ಲಿ ಝರ್ನಾಳಿಗೆ ಹೊಟ್ಟೆಯ ಆಪರೇಷನ್ ಆಯಿತು. ಬಂಗಾಳಿಗಳ ಹೊಸ ವರ್ಷ ಹುಟ್ಟುವ ವೈಶಾಖದಿಂದಲೇ ಬಾಡಿಗೆ ನಿಂತಿತು.

“ಪೂಜೆ ಬರ್ಲಿ ಮಾಶಿಮಾ, ರವಿಕೆ ಆರ್ಡರ್ ಶುರುವಾಗ್ಲಿ, ಎಲ್ಲಾ ಒಟ್ಟಿಗೆ ಕೊಟ್ಟುಬಿಡ್ತೀನಿ” ಎಂದು ಪರಿತೋಷ ಪ್ರತಿ ತಿಂಗಳೂ ಹೇಳುತ್ತಿದ್ದ. ಓಣಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದೇ.

“ನನ್ನ ಹೊಟ್ಟೆ ದುರ್ಗಾಪೂಜೆಗೆ ಮಾತ್ರ ಹಸಿಯುತ್ತೇನೋ? ಮಿಕ್ಕ ತಿಂಗಳು ನೀನು ಕತ್ತರಿಸಿದ ಬಟ್ಟೆ ಚೂರು ತಿನ್ಲಾ?”

“ಝರ್ನಾ ಇನ್ನೂ ಸರಿಯಾಗಿ ಎದ್ದು ಓಡಾಡ್ತಿಲ್ಲ.”

“ನಾನೂ ಓಡಾಡ್ತಿಲ್ಲ. ಶ್ರಾವಣ ಮುಗಿಯೋದ್ರೊಳಗೆ ಖಾಲಿ ಮಾಡು. ಬಾಕಿ ತೀರಿಸಿ ಹೋಗು.”

“ಖಾಲಿ ಮಾಡ್ತೀನಿ. ಬಾಕಿ ಎಲ್ಲಿಂದ ತರ್ಲಿ?”

“ಅದು ನಿನ್ನ ತಲೆನೋವು, ನನ್ನದಲ್ಲ.”

ಶ್ರಾವಣದ ಕೊನೆಯ ದಿನ ಅವನು ಮನೆ ಖಾಲಿ ಮಾಡತೊಡಗಿದ. ಅಂದೇ ಮಳೆ ಹಿಡಿದು ಓಣಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಸೈಕಲ್ ವ್ಯಾನಿನಲ್ಲಿ ಟ್ರಂಕು, ಪಾತ್ರೆ, ಹಾಸಿಗೆ, ಹೆಂಡತಿ ಎಲ್ಲವನ್ನೂ ಹೊಸ ಕೋಣೆ ಹಿಡಿದಿದ್ದ ದಮ್‌ದಮ್‌ಗೆ ಸಾಗಿಸಿದ. ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ ಒಂದು ಉಳಿಯಿತು. ಕೊಳಚೆ ನೀರು ಅದಕ್ಕೆ ತಾಗಬಾರದೆಂದು ಬೆಳಿಗ್ಗೆ ಬಂದು ಒಯ್ಯುವುದಾಗಿ ಹೇಳಿ ಹೋದ. ಬೆಳಿಗ್ಗೆ ಬಂದು ನೋಡಿದರೆ ಬಾಗಿಲಿಗೆ ಬೀಗ. ಕನಕಲತಾ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಳು.

“ಇವತ್ತಿಂದ ಭಾದ್ರ. ಈ ಮನೆಯಿಂದ ಒಂದು ಚಮಚಾನೂ ಆಚೆ ಹೋಗಲ್ಲ” ಎಂದಳು.

ಭಾದ್ರ ಮಾಸದಲ್ಲಿ ಆ ಕಡೆ ಯಾರೂ ಮನೆ ಬದಲಿಸುವುದಿಲ್ಲ. ಯಾರನ್ನೂ ಹೊರಹಾಕುವುದಿಲ್ಲ, ಬೀದಿಬೆಕ್ಕು ಒಳಗೆ ಬಂದರೆ ಅದನ್ನೂ ಓಡಿಸುವುದಿಲ್ಲ. ಪರಿತೋಷನೂ ಅದಕ್ಕಾಗಿಯೇ ಆ ಸುರಿಮಳೆಯಲ್ಲಿ ಹೆಂಡತಿಯನ್ನು ಸಾಗಿಸಿದ್ದು.

“ಮನುಷ್ಯರು ಹೋಗ್ಬಾರ್ದು ಅಂತ ಇರೋದು ಮಾಶಿಮಾ. ಮಿಷನ್‌ಗೆ ಯಾವ ಭಾದ್ರ?”

“ಅನ್ನ ಕೊಡೋದು ಲಕ್ಷ್ಮಿ. ಭಾದ್ರದಲ್ಲಿ ಲಕ್ಷ್ಮೀನ ಆಚೆ ಕಳಿಸೋಕೆ ನಾನೇನು ಹುಚ್ಚಿಯಾ?”

“ಪೂಜೆ ಆರ್ಡರು ಬರೋದೇ ಈ ತಿಂಗಳು. ಮಿಷನ್ ಇಲ್ದೆ ನಾನೇನು ಹಲ್ಲಲ್ಲಿ ಹೊಲೀಲಾ?”

“ಬಾಕಿ ತಂದಿಡು, ತಗೊಂಡು ಹೋಗು. ಭಾದ್ರಕ್ಕೆ ನಾನು ದೇವ್ರ ಹತ್ರ ತಪ್ಪೊಪ್ಪಿಕೊಳ್ತೀನಿ.”

ಅವಳಿಗೆ ನಿಜವಾಗಿ ಭಾದ್ರದ ಭಯವಿತ್ತೋ ಇಲ್ಲವೋ ಎಂದು ಕೇಳಿದರೆ, ಇತ್ತು ಎಂದೇ ಹೇಳಬೇಕು. ಆದರೆ ಆ ಭಯ ಇಷ್ಟು ಸರಿಯಾದ ಹೊತ್ತಿಗೆ ಕೈಗೆ ಬಂದದ್ದು ಅವಳಿಗೆ ಖುಷಿಯನ್ನೂ ಕೊಟ್ಟಿತ್ತು. ಪರಿತೋಷ ವಾರಕ್ಕೊಮ್ಮೆ ಬಂದು ಬೀಗ ನೋಡಿ ಹೋದ. ಬೇಡಿದ, ಬೈದ, ಒಂದು ಸಲ ಝರ್ನಾಳನ್ನೂ ಕರೆತಂದ. ಕನಕಲತಾ ಅವಳಿಗೆ ಕೂರಲು ಮಣೆ ಕೊಟ್ಟಳು, ಕುಡಿಯಲು ನೀರು ಕೊಟ್ಟಳು, ಬೀಗದ ಕೈ ಕೊಡಲಿಲ್ಲ.

ಭಾದ್ರದ ಕೊನೆಯ ದಿನ ವಿಶ್ವಕರ್ಮ ಪೂಜೆ. ಅಂದು ಊರಿನ ಗಂಡುಮಕ್ಕಳೆಲ್ಲ ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತಾರೆ, ಕೈಕಸುಬಿನವರೆಲ್ಲ ತಮ್ಮ ತಮ್ಮ ಉಪಕರಣ ಪೂಜಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಪರಿತೋಷ ಬಂದ. ಕೈಯಲ್ಲಿ ಆನೆಯ ಮೇಲೆ ಕೂತ ಪುಟ್ಟ ಮಣ್ಣಿನ ವಿಶ್ವಕರ್ಮ, ಪಕ್ಕದಲ್ಲಿ ಪುರೋಹಿತ, ಹಿಂದೆ ಓಣಿಯ ಕ್ಲಬ್ಬಿನ ಕಾರ್ಯದರ್ಶಿ ಬುಲ್ಟು. ಯಾರ ಮನೆಯ ಜಗಳವಾದರೂ ಕೊನೆಗೆ ಬರುವುದು ಈ ಬುಲ್ಟುವಿನ ಮುಂದೆಯೇ.

“ಪೂಜೆ ಮಾಡ್ಬೇಕು” ಎಂದ ಪರಿತೋಷ.

“ಬಾಕಿ ಕೊಡ್ಬೇಕು” ಎಂದಳು ಕನಕಲತಾ.

ಬುಲ್ಟು ನಡುವೆ ಬಂದ. “ಮಾಶಿಮಾ, ಇವತ್ತು ರಿಕ್ಷಾ ಎಳೆಯೋನೂ ತನ್ನ ಗಾಡಿಗೆ ಹೂ ಹಾಕ್ತಾನೆ. ಮಿಷನ್ ಅವನದು, ಆದ್ರೆ ಪೂಜೆ ಇಲ್ದೆ ಬಿದ್ದಿರೋದು ನಿಮ್ಮ ಮನೇಲಿ. ದೋಷ ಯಾರಿಗೆ ತಟ್ಟುತ್ತೆ ಅಂತ ನೀವೇ ಯೋಚ್ನೆ ಮಾಡಿ.”

ಕಾರ್ಯದರ್ಶಿಗೆ ಹೆದರುವವಳಲ್ಲ ಅವಳು, ದೇವರಿಗೆ ಹೆದರುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ ಬೀಗ ತೆಗೆದಳು. ಪೂಜೆಯಾಯಿತು. ಪರಿತೋಷ ಪ್ರಸಾದ ನೀಡಿದಾಗ ಕೈಚಾಚಿ ತೆಗೆದುಕೊಂಡಳು, ಅವನ ಮುಖ ನೋಡಲಿಲ್ಲ. ವಿಸರ್ಜನೆ ನಾಳೆ, ಅಲ್ಲಿಯವರೆಗೆ ದೀಪ ಆರಬಾರದು, ದೇವರ ಮೇಲೆ ಬೀಗ ಜಡಿಯಬಾರದು ಎಂದು ಪುರೋಹಿತ ಹೇಳಿ ದಕ್ಷಿಣೆ ಎಣಿಸಿಕೊಂಡು ಹೊರಟ. ಕನಕಲತಾ ಚಾಪೆ ತಂದು ಕೋಣೆಯ ಬಾಗಿಲಿಗೆ ಅಡ್ಡವಾಗಿಯೇ ಮಲಗಿದಳು.

ಆದರೆ ಬೆಳಕು ಹರಿಯುವ ಹೊತ್ತಿಗೆ ಗಂಗೆಯಲ್ಲಿ ಮುಳುಗಿ ಬರುವುದು ಅವಳ ನಿತ್ಯದ ನೇಮ. ಜ್ವರ ಬಂದಾಗಲೂ ತಪ್ಪಿಸಿದವಳಲ್ಲ. ಅಷ್ಟು ವರ್ಷ ಆ ಮನೆಯಲ್ಲಿ ಬಾಳಿದ ಪರಿತೋಷನಿಗೆ ಅದು ಗೊತ್ತಿರದೆ ಇರುತ್ತದೆಯೇ? ಒದ್ದೆ ಸೀರೆಯಲ್ಲಿ ಮರಳಿ ಬಂದಾಗ ಬಾಗಿಲು ಹಾರುಹೊಡೆದಿತ್ತು. ಮಿಷನ್ ಇರಲಿಲ್ಲ. ವಿಶ್ವಕರ್ಮನನ್ನು ಒಂದು ಕುರ್ಚಿಯ ಮೇಲೆ ಜೋಪಾನವಾಗಿ ಕೂರಿಸಿ, ದೀಪಕ್ಕೆ ಎಣ್ಣೆ ಹಾಕಿ ಹೋಗಿದ್ದ.

ಹಾಗೆಯೇ ಒದ್ದೆ ಸೀರೆಯಲ್ಲಿ ಬುಲ್ಟುವಿನ ಮನೆಗೆ ಓಡಿದಳು.

“ಅವನ ಮಿಷನ್ ಅವನು ತಗೊಂಡ್ಹೋದ್ರೆ ಕಳ್ಳತನ ಹೇಗಾಗುತ್ತೆ ಮಾಶಿಮಾ? ಇವತ್ತು ಆಶ್ವಿನ ಹುಟ್ಟಿತಲ್ಲ. ಭಾದ್ರ ಮುಗಿಯೋವರೆಗೆ ಅಂತ ನೀವೇ ಹೇಳಿದ್ದು” ಎಂದ ಬುಲ್ಟು ಹಲ್ಲುಜ್ಜುತ್ತ. ಅವನ ಹೆಂಡತಿ ಒಳಗಿನಿಂದ ನಕ್ಕದ್ದು ಹೊರಗೆ ಕೇಳಿಸಿತು. ಕನಕಲತಾಳಿಗೆ ಬಾಕಿ ಹೋದದ್ದಕ್ಕಿಂತ ಆ ನಗುವಿಗೆ ಹೆಚ್ಚು ಉರಿಯಿತು.

ವಿಳಾಸ ಹುಡುಕಿಕೊಂಡು ದಮ್‌ದಮ್‌ಗೆ ಹೋದಳು. ಪರಿತೋಷನ ಹೊಸ ಕೋಣೆಯಲ್ಲಿ ಮಿಷನ್ ಇತ್ತು, ಬಟ್ಟೆ ಇರಲಿಲ್ಲ. ಪೂಜೆಗೆ ಇನ್ನೇನು ಕೆಲವೇ ದಿನ, ದರ್ಜಿಗಳಿಗೆ ಉಸಿರಾಡಲು ಬಿಡುವಿಲ್ಲದ ಕಾಲ. ಇವನು ಸುಮ್ಮನೆ ಕೂತಿದ್ದ.

“ನಿನ್ನ ದೇವರು ನನ್ನ ಮನೇಲಿದ್ದಾನೆ. ಬಾಕಿ ಕೊಟ್ಟು ಕರ್ಕೊಂಡು ಹೋಗು” ಎಂದಳು.

“ಬಾಕೀನಾ? ಭಾದ್ರ ಪೂರ್ತಿ ಮಿಷನ್ ಕೂಡಿಹಾಕಿದ್ರಿ. ನನ್ನ ಗಿರಾಕಿಗಳೆಲ್ಲ ಬೇರೆ ದರ್ಜಿ ಹಿಡಿದ್ರು. ನಿಮ್ಮ ಬಾಡಿಗೆ ಹುಟ್ತಿದ್ದದ್ದು ಇದರಿಂದಲೇ ಅಲ್ವಾ? ಇದನ್ನ ಕಟ್ಟಿಹಾಕಿ ಬಾಡಿಗೆ ಕೇಳಿದ್ರೆ ಎಲ್ಲಿಂದ ಬರುತ್ತೆ?”

“ಮಾತು ಬೇಡ. ದೇವರನ್ನ ಏನ್ಮಾಡ್ತೀಯ?”

“ಇಟ್ಕೊಳ್ಳಿ. ಬಾಡಿಗೇನೂ ಕೊಡಲ್ಲ, ಖಾಲಿ ಮಾಡು ಅಂತ ಹೇಳೋಕೂ ಆಗಲ್ಲ, ಅಂಥ ಒಬ್ಬ ಬಾಡಿಗೆದಾರ ನಿಮಗೆ ಬೇಕಾಗಿತ್ತು.”

ಝರ್ನಾ ಗಂಡನ ತೋಳು ಹಿಡಿದು ಸುಮ್ಮನಿರಿಸಿದಳು. ಆದರೆ ಕನಕಲತಾಳನ್ನು ಕೂರಲು ಅವಳೂ ಹೇಳಲಿಲ್ಲ.

ಮೂರ್ತಿಯನ್ನು ಗಂಗೆಗೆ ಬಿಡಲು ಎಷ್ಟು ಹೊತ್ತು? ದಿನಾ ಹೋಗುವ ದಾರಿಯೇ. ಸೆರಗಿನಲ್ಲಿ ಸುತ್ತಿಕೊಂಡು ಹೋದರೆ ಮುಗಿಯಿತು. ಅವಳು ಬಿಡಲಿಲ್ಲ. ತಾನೇ ಬಿಟ್ಟರೆ ಪರಿತೋಷನ ಬಾಕಿಯನ್ನೂ ತಾನೇ ನೀರಿಗೆ ಬಿಟ್ಟಂತೆ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಕ್ಲಬ್ಬಿನವರು ದುರ್ಗೆಯ ಜೊತೆ ಒಯ್ಯುತ್ತೇವೆ ಎಂದು ಬಂದರೆ ಪೊರಕೆ ತೋರಿಸಿದಳು. ದೇವರು ಉಪವಾಸ ಇರಬಾರದೆಂದು ದಿನಕ್ಕೆ ಎರಡು ಬತ್ತಾಸು, ಒಂದು ಲೋಟ ನೀರು ತಾನೇ ಇಡುತ್ತಿದ್ದಳು. ಇಡುವಾಗ ಬೈಯುತ್ತಲೂ ಇದ್ದಳು, ದೇವರನ್ನೋ ದರ್ಜಿಯನ್ನೋ ಕೇಳಿದವರಿಗೆ ತಿಳಿಯುತ್ತಿರಲಿಲ್ಲ.

ಕೋಣೆ ನೋಡಲು ಜನ ಬಂದರು. ವಿಸರ್ಜನೆಯಾಗದ ಮೂರ್ತಿ ಕಂಡು ಕೈಮುಗಿದು, ತಿಳಿಸುತ್ತೇವೆ ಎಂದು ಹೋದವರು ತಿರುಗಿ ಬರಲಿಲ್ಲ. ಹೀಗೇ ಚಳಿ ಕಳೆಯಿತು, ಬೇಸಿಗೆ ಕಳೆಯಿತು. ಅವಳ ಕೈಯ ಚಿನ್ನದ ಬಳೆ ಹೋಯಿತು, ಒಲೆ ದಿನಕ್ಕೊಮ್ಮೆ ಮಾತ್ರ ಹತ್ತತೊಡಗಿತು.

ಆಷಾಢದಲ್ಲಿ ಒಂದು ಮಧ್ಯಾಹ್ನ ಗಂಡ ಹೆಂಡತಿ ಬಂದರು. ಅವನು ಬಸ್ ಕಂಡಕ್ಟರ್, ಅವಳು ತುಂಬು ಬಸುರಿ. ಕೋಣೆ ಒಪ್ಪಿಗೆಯಾಯಿತು. ಮುಂಗಡದ ಲಕೋಟೆ ಅವನ ಕೈಯಲ್ಲೇ ಇತ್ತು.

“ಈ ಮೂರ್ತಿ ಒಂದನ್ನ ಗಂಗೆಗೆ ಬಿಟ್ಟುಬಿಟ್ರೆ ನಾಳೇನೇ ಬರ್ತೀವಿ ಮಾಶಿಮಾ. ಹೆರಿಗೆ ಮನೆ, ಮೈಲಿಗೆ ಆಗುತ್ತಲ್ಲ, ಅದಕ್ಕೆ ಹೇಳಿದ್ದು” ಎಂದಳು ಹುಡುಗಿ ಮೆತ್ತಗೆ.

“ನಾನು ಬಿಡಲ್ಲ. ತಂದವನೇ ಬರ್ಬೇಕು. ನಾಲ್ಕು ತಿಂಗಳ ಬಾಕಿ ತೀರಿಸಿ ತಗೊಂಡ್ಹೋಗ್ಬೇಕು.”

ಕಂಡಕ್ಟರ್ ಗೋಡೆಯ ಬೂಷ್ಟು ನೋಡಿದ. “ನಾಲ್ಕೇ ತಿಂಗಳಾ? ಆ ನಾಲ್ಕು ತಿಂಗಳಿಗೋಸ್ಕರ ಕೋಣೆ ಎಷ್ಟು ತಿಂಗಳಿಂದ ಖಾಲಿ ಬಿದ್ದಿದೆ?”

ಕನಕಲತಾ ಬಾಯಿ ಬಿಟ್ಟಳು. ಅವನ ಅಪ್ಪ, ಅಜ್ಜ, ಅವನ ಬಸ್ಸು, ಹುಟ್ಟಲಿರುವ ಕೂಸು, ಯಾರನ್ನೂ ಬಿಡಲಿಲ್ಲ. ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ನಡೆದಳು, ಗಂಡ ಹಿಂದೆಯೇ ಹೋದ.

ಕೋಣೆಯ ಬಾಗಿಲು ಮುಂದೆ ಮಾಡಿ ಮೆಟ್ಟಿಲ ಮೇಲೆ ಕೂತ ಕನಕಲತಾ ಬೆರಳು ಮಡಚಿದಳು. ಆಶ್ವಿನ, ಕಾರ್ತಿಕ, ಮಾರ್ಗಶಿರ, ಪುಷ್ಯ. ಬಾಕಿಯಷ್ಟು ಅಲ್ಲಿಗೇ ಮುಗಿಯಿತು. ಮಾಘ, ಫಾಲ್ಗುಣ. ಎರಡನೆಯ ಕೈಯ ಬೆರಳೂ ಮಡಚಬೇಕಾಯಿತು. ತನ್ನನ್ನು ಯಾರೂ ಮುಳುಗಿಸಿಲ್ಲ, ತಾನೇ ಮುಳುಗಿದ್ದೇನೆ ಎಂದು ಆಗ ಗೊತ್ತಾಯಿತು.

ಎದ್ದು ಬಾಗಿಲಿಗೆ ಓಡಿದಳು. ಅವರು ಇನ್ನೂ ಓಣಿಯ ತಿರುವಿನಲ್ಲಿದ್ದರು.

“ಏ, ನಿಂತ್ಕೊಳ್ರೋ! ಬನ್ರೋ ಇಲ್ಲಿ!” ಎಂದು ಇದ್ದ ಶಕ್ತಿಯನ್ನೆಲ್ಲ ಒಗ್ಗೂಡಿಸಿ ಕೂಗಿದಳು.

ಬೇರೆ ರೀತಿ ಕೂಗುವುದು ಅವಳಿಗೆ ಮರೆತೇಹೋಗಿತ್ತು. ಮತ್ತೆ ಬೈಯುತ್ತಿದ್ದಾಳೆಂದುಕೊಂಡ ಕಂಡಕ್ಟರ್ ಹಿಂದಿರುಗಿ ನೋಡದೆ ಹೆಂಡತಿಯ ಕೈಹಿಡಿದು ಬಿರಬಿರನೆ ತಿರುವು ದಾಟಿಬಿಟ್ಟ.