ಅವಳಿಗೆ ನಾನು ಕೇಳಿದ ಪ್ರಶ್ನೆ

ಹೋದ ಶನಿವಾರ ನಮ್ಮ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದ ಬಾಗಿಲು ತೆರೆದಾಗ ರಾಳದ ಹೊಗೆ ಮೂಗಿಗೆ ಬಡಿಯಿತು. ವಿದ್ಯಾರ್ಥಿಗಳು ತಂತಿಗಳಿಗೆ ಬೆಸುಗೆ ಹಾಕುತ್ತಿದ್ದರು. ಪಾಠ ಹೇಳಲು ಶುರು ಮಾಡಿದ ದಿನದಿಂದ ಕುಡಿಯುತ್ತ ಬಂದ ಹೊಗೆ ಅದು. ಆದರೂ ಅಂದು ಯಾಕೋ ಬಾಗಿಲಲ್ಲೇ ನಿಂತುಬಿಟ್ಟೆ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದಲ್ಲಿದ್ದವಳು ನೆನಪಾದಳು…

ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವಳು ಗಬ್ಬೂರಿನ ಕೂಲಿಯವರ ಮಗಳು. ನಮ್ಮಪ್ಪನಿಗೆ ಮಾನ್ವಿಯಲ್ಲಿ ಅಕ್ಕಿ ಗಿರಣಿ ಇತ್ತು. ಪುಸ್ತಕಗಳು ನನ್ನವು, ಓದುತ್ತಿದ್ದವಳು ಅವಳು. ನಾನು ಮೂರು ಸಲ ಬಿಚ್ಚಿ ಮತ್ತೆ ಹಾಕುತ್ತಿದ್ದ ಬೆಸುಗೆ ಅವಳ ಕೈಯಲ್ಲಿ ಒಂದೇ ಸಲಕ್ಕೆ, ಮಣಿಯ ಹಾಗೆ ದುಂಡಗೆ ಕೂರುತ್ತಿತ್ತು. ಮೊದಲ ಸಲ ನಮ್ಮ ಮನೆಗೆ ಬಂದಾಗ ಅಪ್ಪ ಅವಳನ್ನು ಪಡಸಾಲೆಯಿಂದ ಒಳಗೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಅವಳು ಅದನ್ನು ಗಮನಿಸದವಳ ಹಾಗೆ ಚಹಾ ಕುಡಿದಳು. ಆ ಗಟ್ಟಿತನಕ್ಕೂ ನನಗೆ ಅಂದು ಹೊಟ್ಟೆ ಉರಿದಿತ್ತು ಎಂದರೆ ಯಾರು ನಂಬುತ್ತಾರೆ?

ಓದು ಮುಗಿದ ಮೇಲೆ ರಕ್ಷಣಾ ಪ್ರಯೋಗಾಲಯದ ಪರೀಕ್ಷೆಯನ್ನು ಇಬ್ಬರೂ ಬರೆದೆವು. ಅವಳು ಆಯ್ಕೆಯಾದಳು. ನಾನು ಪಾಠ ಹೇಳಲು ಸೇರಿದೆ. ನಮ್ಮ ದೇಶದಲ್ಲೇ ತಯಾರಾಗುವ ಯುದ್ಧವಿಮಾನದ ಕಂಪ್ಯೂಟರು ಕ್ಷಿಪಣಿಯ ಜೊತೆ ಮಾತಾಡಬೇಕಲ್ಲ, ಅದಕ್ಕೆ ಬೇಕಾದ ಪ್ರೋಗ್ರಾಮು ಬರೆಯುವ ತಂಡದಲ್ಲಿ ಅವಳಿದ್ದಳು. ಒಮ್ಮೆ ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಅಪ್ಪ ಅದನ್ನು ಕತ್ತರಿಸಿ ಗಿರಣಿಯ ಮೇಜಿನ ಗಾಜಿನಡಿ ಇಟ್ಟ. "ನಿನ್ನ ಗೆಳತಿ ನೋಡವ್ವಾ, ಎಲ್ಲಿಗೆ ಮುಟ್ಟ್ಯಾಳ!" ಎಂದ. ನನ್ನ ಫೋಟೋ ಆ ಗಾಜಿನಡಿ ಎಂದೂ ಇರಲಿಲ್ಲ.

ಆರು ವರ್ಷದ ಹಿಂದೆ ನಮ್ಮ ಪ್ರಾಂಶುಪಾಲರು ಅವಳನ್ನು ಭಾಷಣಕ್ಕೆ ಕರೆಸಿದರು. ಅದೇ ಹೊತ್ತಿನಲ್ಲಿ ಸರ್ಕಾರ ಹೊರದೇಶದಿಂದ ಯುದ್ಧವಿಮಾನ ಕೊಳ್ಳುವ ಸುದ್ದಿ ಟಿವಿಯಲ್ಲೆಲ್ಲ ಓಡುತ್ತಿತ್ತು. ಸಭಾಂಗಣ ತುಂಬಿತ್ತು. ನನ್ನ ತರಗತಿಯಲ್ಲಿ ಆಕಳಿಸುವ ಹುಡುಗಿಯರು ಅವಳ ಮಾತನ್ನು ಬಾಯಿ ತೆರೆದು ಕೇಳುತ್ತಿದ್ದರು. ಅದನ್ನು ನನಗೆ ನೋಡಲಾಗಲಿಲ್ಲ. ಪ್ರಶ್ನೆ ಕೇಳಬಹುದು ಎಂದಾಗ ಎಲ್ಲರಿಗಿಂತ ಮೊದಲು ಎದ್ದೆ.

"ಇಪ್ಪತ್ತು ವರ್ಷ ದುಡಿದಿದ್ದೀರಿ ಮೇಡಂ. ಅಷ್ಟಾದರೂ ದೇಶ ಹೊರಗಿನಿಂದಲೇ ವಿಮಾನ ಕೊಳ್ಳುತ್ತಿದೆ. ಹಾಗಾದರೆ ನೀವು ಮಾಡಿದ್ದೇನು?"

ಪ್ರಾಂಶುಪಾಲರು ಮುಖ ಗಂಟಿಕ್ಕಿದರು. ಅವಳ ಕಣ್ಣು ಕೆಳಗಾಯಿತು. ಗೆದ್ದೆ ಅನಿಸಿತು ನನಗೆ… ಒಂದು ಕ್ಷಣ. ಅಲ್ಲಿಯವರೆಗೆ ಪುಸ್ತಕದ ಕನ್ನಡದಲ್ಲಿ ಮಾತಾಡಿದ್ದವಳು, ತಲೆಯೆತ್ತಿದಾಗ ನಮ್ಮ ಮಾತಿಗೆ ಇಳಿದಿದ್ದಳು.

"ಮೇಡಂ ಕೇಳಿದ್ದು ಖರೇ ಅದ. ನಾವು ತಡಾ ಮಾಡೀವಿ. ನಮ್ಮ ವಿಮಾನಕ್ಕ ಇವತ್ತಿಗೂ ಇಂಜಿನ್ ಹೊರಗಿಂದ ಬರ್ತದ. ಗಡಿ ಕಾಯೋರು ನಮ್ಮ ಸಲುವಾಗಿ ಎಷ್ಟಂತ ದಾರಿ ನೋಡ್ತಾರ? ಅದಕ್ಕ ಕೊಳ್ತಾರ. ಆದ್ರ ಕೊಂಡ ವಿಮಾನಕ್ಕ ನಮ್ಮ ಕ್ಷಿಪಣಿ ಕಟ್ಟಬೇಕಂದ್ರ ಅದರ ಕಂಪ್ಯೂಟರಿನ ಸೋರ್ಸ್ ಕೋಡು, ಅಂದ್ರ ಪ್ರೋಗ್ರಾಮಿನ ಮೂಲ ಬರಹ, ಬೇಕು. ಅದನ್ನ ಅವ್ರು ಕೊಡಂಗಿಲ್ಲ. ವಿಮಾನ ನಮ್ದು, ಹಾರ್ಸೋರು ನಮ್ಮವ್ರು, ಒಳಗ ಒಂದು ಸಾಲು ತಿದ್ದಬೇಕಾದ್ರ ಮಾತ್ರ ಅವ್ರ ಬಾಗಲಿಗೆ ಹೋಗಿ ನಿಂದ್ರಬೇಕು. ನಾನು ನಿಂತೀನಿ. ಅದಕ್ಕ, ತಡಾ ಆದ್ರೂ ಚಿಂತಿಲ್ಲ, ಬರಿಯೋದು ನಾವ ಬರೀಬೇಕು."

ಚಪ್ಪಾಳೆ ನಿಲ್ಲಲಿಲ್ಲ. ಸೋಲನ್ನು ಒಪ್ಪಿಕೊಂಡೂ ಒಬ್ಬಳು ಇಷ್ಟು ದೊಡ್ಡವಳಾಗಿ ಕಾಣಬಲ್ಲಳೇ ಎಂದು ಇನ್ನಷ್ಟು ಉರಿಯಿತು.

ಮಧ್ಯಾಹ್ನ ಅವಳು ತಾನಾಗಿಯೇ ನನ್ನ ಮನೆಗೆ ಊಟಕ್ಕೆ ಬಂದಳು. ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲೇ ಕೂತು ರೊಟ್ಟಿ ಮುರಿಯುತ್ತ ಹೇಳಿದಳು:

"ಇಷ್ಟು ವರ್ಷದಾಗ ನನ್ನ ಯಾರೂ ನೆಟ್ಟಗ ಕೇಳಿದ್ದಿಲ್ಲ ಬೇ. ಹಾರ ಹಾಕ್ತಾರ, ಫೋಟೋ ಹೊಡ್ಕೊಂತಾರ, ಹೋಗ್ತಾರ. ನೀನೊಬ್ಬಾಕಿ ಕೇಳಿದಿ. ನಿನಗ ನನ್ನ ಕೆಲಸದ ಮ್ಯಾಲ ಕಾಳಜಿ ಅದ."

ಅಲ್ಲ, ನಿನ್ನನ್ನು ಎಲ್ಲರ ಮುಂದೆ ಸಣ್ಣವಳನ್ನಾಗಿ ಮಾಡಲು ಕೇಳಿದೆ ಎಂದು ಹೇಳಬೇಕಿತ್ತು. ಅವಳ ತಟ್ಟೆಗೆ ಇನ್ನೊಂದಿಷ್ಟು ಬದನೆಕಾಯಿ ಪಲ್ಯ ಬಡಿಸಿದೆ, ಅಷ್ಟೆ.

ಹೋದ ಮಳೆಗಾಲದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಗಬ್ಬೂರಿನಲ್ಲೇ ಮಣ್ಣು ಮಾಡಿದರು. ಕಾಲೇಜಿನಲ್ಲಿ ಪರೀಕ್ಷೆ ನಡೆದಿದೆ ಎಂಬ ನೆಪ ಹೇಳಿ ನಾನು ಹೋಗಲಿಲ್ಲ. ಅವಳಿಗಾಗಿ ಅಲ್ಲಿ ಸೇರುವ ಜನವನ್ನು ನೋಡುವ ಧೈರ್ಯ ನನಗಿರಲಿಲ್ಲ.

ಪ್ರಯೋಗಾಲಯದ ಬಾಗಿಲಲ್ಲಿ ನಿಂತ ಮರುದಿನ, ಭಾನುವಾರ, ಕೊನೆಗೂ ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದೆ. ಅವಳ ತಮ್ಮ ಅಲ್ಲೇ ಶಾಲೆಯ ಮೇಷ್ಟ್ರು. "ಬರ್ರಿ ಅಕ್ಕಾರ" ಎಂದು ಒಳಗೆ ಕರೆದು ಕೂರಿಸಿದ.

"ಆಸ್ಪತ್ರ್ಯಾಗೂ ಅಕ್ಕ ನಿಮ್ಮನ್ನ ನೆನಿಸ್ತಿದ್ದಳ್ರಿ. ನೆಟ್ಟಗ ಮಾತಾಡೋ ಗೆಳತಿ ಅಂದ್ರ ಆಕಿ ಒಬ್ಬಾಕಿನ ಅಂತಿದ್ದಳು."

ನಿಜ ಹೇಳಲು ಬಾಯಿ ತೆರೆದೆ. ಅವನ ಮುಖ ನೋಡಿ, "ಹೌದಪ್ಪಾ" ಎಂದೆ. ನನ್ನಂಥವಳನ್ನು ಕೊನೆಯವರೆಗೆ ಒಳ್ಳೆಯವಳೆಂದು ನಂಬಿದ ಆ ಮನಸ್ಸು ನನಗೆ ಎಂದೂ ಬರಲಿಲ್ಲವಲ್ಲ ಎಂದು ಅಲ್ಲಿ ಕೂತೂ ಹೊಟ್ಟೆಕಿಚ್ಚು ಪಟ್ಟೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ಮೊಬೈಲಿನಲ್ಲಿ ಸುದ್ದಿ ನೋಡುತ್ತಿದ್ದರು. "ನಮಗ ಇನ್ನೂ ವಿಮಾನ ಬರಾಕತ್ಯಾವಂತ ನೋಡ್ರಿ" ಎಂದು ತೋರಿಸಿದರು.

"ಬರ್ತಾವ್ರಿ. ಆದ್ರ ಸೋರ್ಸ್ ಕೋಡು ಕೊಡ್ತಾರೋ ಇಲ್ಲೋ ಕೇಳ್ಬೇಕು" ಎಂದೆ. ಅದು ಏನು, ಯಾಕೆ ಬೇಕು ಎಂದು ಅವರು ಕೇಳಿದರು. ಅವಳು ಹೇಳಿದ್ದ ಹಾಗೆಯೇ ವಿವರಿಸಿದೆ.

"ಭಾಳ ತಿಳಕೊಂಡೀರಿ ಬಿಡವ್ವಾ" ಎಂದರು ಹಿರಿಯರು.

ಅವಳ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಹೇಳಿದರೆ ಅವಳು ಈಗ ಎಲ್ಲಿದ್ದಾಳೆ ಎಂದು ಕೇಳುತ್ತಿದ್ದರು…