ಸ್ಲ್ಯಾಬಿನ ದಿನ ಬಂದ ಫೋನು

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಗುತ್ತೇದಾರಿಕೆ. ಅಜ್ಜ ನಿಜಾಮರ ಕಾಲದಲ್ಲಿ ದೇವದುರ್ಗದ ಕಡೆ ಬಾವಿ, ಕಚೇರಿ ಕಟ್ಟಿಸಿದ. ಅಪ್ಪ ಮಾನ್ವಿ ಸೀಮೆಯಲ್ಲಿ ಶಾಲೆ, ದವಾಖಾನೆ ಕಟ್ಟಿಸಿದ. ನಾನು ರಾಯಚೂರಿನಲ್ಲಿ ಮನೆ ಮಾಡಿಕೊಂಡು ಸಿಕ್ಕಿದ್ದೆಲ್ಲ ಕಟ್ಟಿಸುತ್ತೇನೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಜನ ಹೆದರಿಸುತ್ತಾರಲ್ಲ, ಅದರಲ್ಲಿ ಒಂದನ್ನು ನಾವು ಹೊಟ್ಟೆಪಾಡೇ ಮಾಡಿಕೊಂಡು ಕುಳಿತಿದ್ದೇವೆ.

ಹಿರಿಯರು ಕಟ್ಟಿಸಿದ್ದು ಕಲ್ಲು, ಗಚ್ಚಿನಲ್ಲಿ. ಕೆಲಸದವರ ಮನೆಯಿಂದ ಕೆಟ್ಟ ಸುದ್ದಿ ಬಂದರೆ ಅಪ್ಪ, "ಕಲ್ಲೇನು ಓಡಿ ಹೋಗಂಗಿಲ್ಲ, ನಡೀರಿ" ಎಂದು ಎಲ್ಲರನ್ನೂ ಕಳಿಸಿಬಿಡುತ್ತಿದ್ದ. ಗೋಡೆ ವಾರಗಟ್ಟಲೆ ಅರ್ಧಕ್ಕೇ ನಿಂತಿರುತ್ತಿತ್ತು. ನನ್ನ ಕಾಲಕ್ಕೆ ಕಾಂಕ್ರೀಟ್ ಬಂತು. ಛಾವಣಿಗೆ ಸ್ಲ್ಯಾಬ್ ಹಾಕತೊಡಗಿದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ನಡುವೆ ನಿಂತರೆ ಮೊದಲು ಹಾಕಿದ್ದು ಗಟ್ಟಿಯಾಗುತ್ತದೆ, ಆಮೇಲೆ ಹಾಕಿದ್ದು ಅದಕ್ಕೆ ಕೂಡುವುದಿಲ್ಲ, ಮಳೆಗಾಲದಲ್ಲಿ ಸರಿಯಾಗಿ ಅಲ್ಲೇ ಸೋರುತ್ತದೆ. ಅದಕ್ಕೇ ನಾನೊಂದು ಪದ್ಧತಿ ಮಾಡಿದ್ದೆ. ಸ್ಲ್ಯಾಬಿನ ದಿನ ತೆಂಗಿನಕಾಯಿ ಒಡೆದ ಕೂಡಲೇ ಎಲ್ಲರ ಫೋನೂ ನನ್ನ ಚೀಲಕ್ಕೆ ಬೀಳಬೇಕು. ಯಾರಿಗೆ ಫೋನು ಬಂದರೂ ಎತ್ತುವವನು ನಾನೊಬ್ಬನೇ. ಈ ಜಾಣತನಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಮಸರಕಲ್‌ನಲ್ಲಿ ಶಾಲೆಗೆ ಎರಡು ಕೋಣೆ ಕಟ್ಟಿಸುತ್ತಿದ್ದೆವು. ನಮ್ಮ ಗೌಂಡಿ ಮಲ್ಲಟದವನು, ಹದಿನೈದು ವರ್ಷ ನನ್ನ ಕೆಲಸಗಳಲ್ಲೆಲ್ಲ ಗೋಡೆ ಎತ್ತಿದವನು. ಅವನ ತಾಯಿ ಹಾಸಿಗೆ ಹಿಡಿದು ತಿಂಗಳಾಗಿತ್ತು. ಸ್ಲ್ಯಾಬಿನ ದಿನ ಮುಂಜಾನೆ ಚೀಲದ ಮುಂದೆ ಫೋನು ಹಿಡಿದುಕೊಂಡು ಒಂದು ಗಳಿಗೆ ಹಾಗೇ ನಿಂತ.

"ಅವ್ವಗ ಬಾಳ ಅರಾಮಿಲ್ಲರೀ, ಧಣೇರ. ಫೋನ್ ಬಂದ್ರ ಹೇಳ್ರಿ."

"ಹೇಳ್ತೀನೇಳು" ಎಂದೆ.

ಮಧ್ಯಾಹ್ನದ ಹೊತ್ತಿಗೆ ಅರ್ಧ ಸ್ಲ್ಯಾಬ್ ಆಗಿತ್ತು. ಕಾಂಕ್ರೀಟ್ ಕಲಸುವ ಮಿಲ್ಲರ್ ಗಡಗಡ ತಿರುಗುತ್ತಿತ್ತು, ಹೆಂಗಸರು ತಲೆಯ ಮೇಲೆ ತುಂಬಿದ ಪುಟ್ಟಿ ಹೊತ್ತು ಸಾಲಾಗಿ ಏರುತ್ತಿದ್ದರು. ಆಗ ಗೌಂಡಿಯ ಫೋನು ಹೊಡೆದುಕೊಂಡಿತು. ಅವನ ತಂಗಿ.

"ಅಣ್ಣಗ ಕೊಡ್ರೀ. ಅವ್ವ ಅವನ ಹೆಸರು ಹಿಡಿದು ಕರ್ಯಾಕತ್ತಾಳ. ಒಂದು ಮಾತು ಆಡ್ಲಿ."

ತಲೆಯೆತ್ತಿ ನೋಡಿದೆ. ಅವನು ಮೇಲೆ ಮೊಣಕಾಲೂರಿ, ಹಸಿ ಕಾಂಕ್ರೀಟಿನ ಮೇಲೆ ಪಟ್ಟಿ ಎಳೆದು ಮಟ್ಟ ನೋಡುತ್ತಿದ್ದ. ಅವನು ಇಳಿದರೆ ಆ ಕೆಲಸಕ್ಕೆ ಇನ್ನೊಬ್ಬನಿರಲಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಮೋಟರ್ ಸೈಕಲ್ ಹತ್ತಿ ಹೋಗಿಯೇಬಿಡುತ್ತಾನೆ ಎಂದು ಹೆದರಿದೆ.

"ಕೆಲಸದಾಗ ಅದಾನವ್ವ, ಕಳಸ್ತೀನಿ" ಎಂದು ಫೋನು ಇಟ್ಟೆ.

"ಯಾರರೀ ಅದು?" ಅವನು ಮೇಲಿಂದಲೇ ಕೂಗಿದ.

"ಸಿಮೆಂಟ್ ಅಂಗಡ್ಯಾಂವ" ಎಂದೆ.

ಅಷ್ಟು ಸರಾಗವಾಗಿ ಸುಳ್ಳು ಹೇಳಬಲ್ಲೆ ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಅವನು ನಂಬಿ, ಮತ್ತೆ ಪಟ್ಟಿಗೆ ಬಾಗಿದ. ಫೋನು ಇನ್ನೂ ಎರಡು ಸಲ ಬಂತು. ನಾನು ಎತ್ತಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಸ್ಲ್ಯಾಬ್ ಮುಗಿಯಿತು. ಅವನು ಕೈಕಾಲು ತೊಳೆದುಕೊಂಡು ಬಂದ ಮೇಲೆ ತಂಗಿಯ ಫೋನು ಬಂದಿದ್ದನ್ನು ಹೇಳಿ, ನನ್ನ ಕಾರಿನಲ್ಲೇ ಕೂಡಿಸಿಕೊಂಡು ಹೊರಟೆ. ದಾರಿಯಲ್ಲಿ ಅವನು ತಂಗಿಗೆ ಫೋನು ಹಚ್ಚಿದ. ಆ ಕಡೆಯ ಅಳು ನನಗೂ ಕೇಳಿಸಿತು. ಅವನು ಫೋನನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡ. ಮಲ್ಲಟದಲ್ಲಿ ತೀರಿಹೋದ ಅವ್ವನ ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದ್ದರು.

ಮೂರನೆಯ ದಿನದ ಕಾರ್ಯಕ್ಕೆ ಮತ್ತೆ ಹೋದೆ; ಮನೆ ತುಂಬ ನೆಂಟರಿದ್ದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

"ನೀ ಗೌಂಡಿ, ನಿನಗ ಗೊತ್ತದ. ನೀ ಇಳದು ಬಂದಿದ್ರ ಸ್ಲ್ಯಾಬ್ ಕೆಡತಿತ್ತು."

ತಂಗಿ ನನ್ನ ಮುಖ ನೋಡದೆ ಎದ್ದು ಒಳಗೆ ಹೋದಳು. ಅವನಾದರೂ ನಾಲ್ಕು ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೈದಿದ್ದರೆ ನನ್ನ ಭಾರ ಅಷ್ಟಾದರೂ ಇಳಿಯುತ್ತಿತ್ತು.

"ನಾ ಇಳೀತಿದ್ದಿಲ್ಲರೀ, ಧಣೇರ" ಎಂದ. "ಅರ್ಧ ಸ್ಲ್ಯಾಬ್ ಬಿಟ್ಟು ಬರೋ ಗೌಂಡಿ ಅಲ್ಲ ನಾ. ಅದು ಅವ್ವಗೂ ಗೊತ್ತಿತ್ತು. ನೀವು ಫೋನ್ ಕಿವಿಗೆ ಹಿಡಿದಿದ್ರ, ಅಲ್ಲೇ ಮ್ಯಾಲ ಕುಂತು 'ಯವ್ವಾ, ಬಂದೆ' ಅಂತಿದ್ದೆ. ಅಷ್ಟ."

ಆಮೇಲೆ ಅವನೇ ಎದ್ದು ಹೋಗಿ, ಉಂಡು ಹೋಗ್ರಿ ಎಂದು ನನಗೆ ತಾಟು ಹಾಕಿಸಿದ. ಕಲಸಿದ ಅನ್ನ ಬಾಯಿಯವರೆಗೂ ಹೋಗಲಿಲ್ಲ. ಅಷ್ಟು ಜನರ ನಡುವೆ, ಅನ್ನದ ಕೈಯಲ್ಲೇ ಕುಳಿತು ಅತ್ತುಬಿಟ್ಟೆ.